ಲಾಗ್‌ನ್ಯಾಗ 480 ಪ್ಲೇ, ಟಿವಿಯಾಗ ಧಾರಾವಾಹಿ: ಕ್ಲಿನಿಕ್ ವೇಟಿಂಗ್ ರೂಮಿನ ಜಾಹೀರಾತು ಖರೇನ ತೋರಿಸೇತೋ ಇಲ್ಲೋ, ಹೆಂಗ ತಿಳಿಯೋದು?

ಪರದೆ_ಹುಬ್ಬಳ್ಳಿ:

ನಮಸ್ಕಾರ್ರಿ. ಹುಬ್ಬಳ್ಳಿ-ಧಾರವಾಡದಾಗ 11 ಕ್ಲಿನಿಕ್‌ಗಳ ವೇಟಿಂಗ್ ರೂಮಿನ್ಯಾಗ ಟಿವಿ ಹಚ್ಚಿ ಲೋಕಲ್ ಅಂಗಡಿಗಳ ಜಾಹೀರಾತು ತೋರಸ್ತೀನಿ. ಇದ ನನ್ನ ಹೊಟ್ಟಿಪಾಡು. ಎಲ್ಲಾ ಕಡೆ ರಾಸ್‌ಬೆರಿ ಪೈ 4 ಅನ್ನೋ ಸಣ್ಣ ಕಂಪ್ಯೂಟರ್, 43 ಇಂಚಿನ ಸಾದಾ ಟಿವಿ, ಪ್ಲೇಯರ್ ನಾನ ಪೈಥಾನ್‌ನ್ಯಾಗ ಬರದದ್ದು. 15 ಸೆಕೆಂಡಿನ 12 ಸ್ಲಾಟ್, ಅಂದ್ರ 3 ನಿಮಿಷಕ್ಕ ಒಂದು ಸುತ್ತು.

ಕೊಪ್ಪಿಕರ್ ರೋಡಿನ ಕನ್ನಡಕದ ಅಂಗಡಿಯವರೊಬ್ರು ಮೂರು ತಿಂಗಳಿಂದ ಜಾಹೀರಾತು ಕೊಡ್ತಿದ್ರು. ಹೋದ ವಾರ ತಮ್ಮ ಅಂಗಡಿ ಹುಡುಗನ್ನ ವಿದ್ಯಾನಗರದ ಒಂದು ಕ್ಲಿನಿಕ್ಕಿಗೆ ಕಳಿಸಿ ಮುಂಜಾನೆ 11ರಿಂದ 12:15ರ ತನಕ ಕೂಡಿಸಿದ್ರು. ಅವ ಚೀಟಿಯಾಗ ಬರಕೊಂಡು ಬಂದಾನ: "ಟಿವಿಯಾಗ ಧಾರಾವಾಹಿ. 11:40ಕ್ಕ ಕರೆಂಟ್ ಹೋತು, 12:05ಕ್ಕ ಬಂತು. ಆಮ್ಯಾಲೂ ಧಾರಾವಾಹಿ. ನಮ್ಮ ಜಾಹೀರಾತು ಒಮ್ಮೆನೂ ಬರಲಿಲ್ಲ."

ನಾ ಲಾಗ್ (ಪ್ಲೇಯರ್ ತಾನ ಬರಕೊಳ್ಳೋ ದಾಖಲೆ) ತಗದು ತೋರಿಸಿದೆ. ದಿನಾ 480 ಪ್ಲೇ, ಆ ದಿನ 472. ಅವರು ಲಾಗ್ ನೋಡಿ ಇನ್ನಷ್ಟು ಸಿಟ್ಟಾದ್ರು. ಹುಡುಗ ಹೇಳಿದ ಹೊತ್ತಿನ್ಯಾಗ ಕರೆಂಟ್ ಹೋದ ಗುರುತ ಇಲ್ಲ, ಮಧ್ಯರಾತ್ರಿ ಪ್ಲೇ ಅದಾವು, ಒಂದು ಕಡೆ ಸಮಯ ಹಿಂದಕ್ಕ ಹೋಗೇತಿ. ನೋಡ್ರಿ, ಕನ್ನಡಕದ ಸ್ಲಾಟಿನ ಸಾಲುಗಳು ಇವು:

06:06:40 ಪ್ಲೇ ಮುಗಿತು
06:09:40 ಪ್ಲೇ ಮುಗಿತು
05:17:48 ಪ್ಲೇ ಮುಗಿತು
05:20:48 ಪ್ಲೇ ಮುಗಿತು
06:41:45 ಪ್ಲೇ ಮುಗಿತು

ಈ ತಿಂಗಳ ದುಡ್ಡು ತಡದಾರ. ನಾ ಒಂದು ಅಂಕಿನೂ ತಿದ್ದಿಲ್ಲ, ಆದ್ರ ಅದನ್ನ ಸಾಬೀತು ಮಾಡೋದು ಹೆಂಗ ಅಂತ ತಿಳೀವಲ್ದು. ಕ್ಯಾಮೆರಾ ಹಚ್ಚಿ ಮುಖ ಎಣಿಸೋ ಸಾಫ್ಟ್‌ವೇರ್ ಹಾಕಿದ್ರ ಎಲ್ಲಾ ಪ್ರಶ್ನೆಗೂ ಒಮ್ಮೆಲೆ ಉತ್ತರ ಸಿಗ್ತದೇನು?

ಲಾಗ್_ಓದುವವ (ಧಾರವಾಡ):

ನಿಮ್ಮ ಲಾಗ್ ಸುಳ್ಳು ಹೇಳಿಲ್ಲ. ಆದರೆ ಅದಕ್ಕೆ ಗೊತ್ತಿರುವುದು ಪೈ ಏನು ಕಳಿಸಿತು ಅನ್ನೋದು ಮಾತ್ರ. ಗಾಜಿನ ಮೇಲೆ ಏನು ಬಂತು ಅನ್ನೋದು ಅದಕ್ಕೆ ಗೊತ್ತೇ ಇಲ್ಲ.

ಮೊದಲು 480. ಗಂಟೆಗೆ 20 ಸುತ್ತು, 24 ಗಂಟೆಗೆ 480. ಕ್ಲಿನಿಕ್ ಬಾಗಿಲು ಹಾಕಿದ ಮೇಲೂ ಪೈ ಒಂದೇ ಸಮನೆ ಓಡುತ್ತಿದೆ. ಒಪಿಡಿ ದಿನಕ್ಕೆ 8 ಗಂಟೆ ಅಂತಿಟ್ಟುಕೊಂಡರೆ ನೀವು ಲೆಕ್ಕಕ್ಕೆ ಹಿಡಿಯಬಹುದಾದದ್ದು ಹೆಚ್ಚೆಂದರೆ 160. ಉಳಿದ 320 ಕತ್ತಲ ಕೋಣೆಗೆ ತೋರಿಸಿದ್ದು.

ಇನ್ನು ಸಮಯ. 06:09:40 ಆದ ಮೇಲೆ ಲಾಗ್ ತುಂಡಾಗಿದೆ. ಅದಕ್ಕೆ 5:30 ಗಂಟೆ ಕೂಡಿಸಿ, 11:39:40 ಆಗುತ್ತದೆ. ಹುಡುಗ 11:40ಕ್ಕೆ ಕರೆಂಟ್ ಹೋಯಿತು ಅಂತ ಬರೆದಿದ್ದಾನಲ್ಲ, ಅದೇ ಇದು. ನಿಮ್ಮ ಪ್ಲೇಯರ್ ಯುಟಿಸಿ ಸಮಯದಲ್ಲಿ (ಜಗತ್ತಿಗೆಲ್ಲ ಒಂದೇ ಆದ ಕಾಲಮಾನ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ) ಬರೆಯುತ್ತಿದೆ, ಭಾರತೀಯ ಕಾಲಮಾನದಲ್ಲಲ್ಲ. ಲಾಗ್ ಯುಟಿಸಿಯಲ್ಲೇ ಇರಲಿ, ಅದೇ ಸರಿ. ಗಿರಾಕಿಗೆ ವರದಿ ಕೊಡುವಾಗ ಮಾತ್ರ ಬದಲಿಸಿ.

ಸಮಯ ಹಿಂದಕ್ಕೆ ಹೋದದ್ದಕ್ಕೆ ಕಾರಣ, ಪೈ 4ರಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಕರೆಂಟ್ ಹೋಗಿ ಬಂದಾಗ ಅದು ಕೊನೆಗೆ ಉಳಿಸಿಟ್ಟ ಸಮಯದಿಂದ ಶುರು ಮಾಡುತ್ತದೆ. ಆ 05:17 ಸುಮ್ಮನೆ ಬಂದದ್ದಲ್ಲ. ಪೈಯ ಕಾರ್ಯವ್ಯವಸ್ಥೆಗೆ ಮೂಲವಾದ ಡೆಬಿಯನ್‌ನಲ್ಲಿ ಗಂಟೆಗೊಮ್ಮೆ ತಾನಾಗಿ ನಡೆಯುವ ಕೆಲಸಗಳು (ಕ್ರಾನ್) 17ನೇ ನಿಮಿಷಕ್ಕೆ ನಡೆಯುತ್ತವೆ, ನಿಮ್ಮ ಪೈ ಸಮಯ ಉಳಿಸಿದ್ದೂ ಆಗಲೇ. ರೂಟರ್ ಎದ್ದು ಇಂಟರ್ನೆಟ್ ಬಂದ ಮೇಲೆ ಎನ್‌ಟಿಪಿ (ಇಂಟರ್ನೆಟ್‌ನಿಂದ ಸಮಯ ಹೊಂದಿಸುವ ವ್ಯವಸ್ಥೆ) ಪೈಯ ಗಡಿಯಾರವನ್ನು ಸರಿಮಾಡಿದೆ, ಅದಕ್ಕೇ ಆಮೇಲೆ 06:41ಕ್ಕೆ ಜಿಗಿದದ್ದು.

ಡಿಎಸ್3231 ಗಡಿಯಾರದ ಮಾಡ್ಯೂಲ್ ಒಂದು ಹಾಕಿ, ಜತೆಗೊಂದು ಗುಂಡಿ ಸೆಲ್. ಪೈ 5 ಆದರೆ ಗಡಿಯಾರ ಬೋರ್ಡಿನಲ್ಲೇ ಇದೆ, ಬ್ಯಾಟರಿ ಜೋಡಿಸಿದರೆ ಸಾಕು. ಆದರೆ ಗಡಿಯಾರ ಒಂದನ್ನೇ ನಂಬಬೇಡಿ. ಪ್ರತಿ ಪ್ಲೇಗೂ ಎಂದೂ ಹಿಂದಕ್ಕೆ ಹೋಗದ ಒಂದು ಸರಣಿ ಸಂಖ್ಯೆ ಕೊಡಿ. ಆ ಸಲದ ಬೂಟ್ ಐಡಿ (ಪೈ ಪ್ರತಿ ಸಲ ಶುರುವಾದಾಗ ಸಿಗುವ ಹೊಸ ಗುರುತು), ಬೂಟ್ ಆಗಿ ಎಷ್ಟು ಸೆಕೆಂಡ್ ಆಯಿತು, ಎನ್‌ಟಿಪಿ ಸಿಂಕ್ ಆಗಿತ್ತೋ ಇಲ್ಲವೋ, ಇವಿಷ್ಟೂ ಅದೇ ಸಾಲಿನಲ್ಲಿರಲಿ. ಆಗ ಸಿಂಕ್ ಆಗುವ ಮುಂಚಿನ ಸಾಲುಗಳನ್ನೂ ಲೆಕ್ಕ ಹಾಕಿ ಸರಿಯಾದ ಸಮಯಕ್ಕೆ ತರಬಹುದು. ಹಳೆಯ ಸಾಲನ್ನು ಅಳಿಸಿ ಬರೆಯಬೇಡಿ, ಪಕ್ಕದಲ್ಲಿ ತಿದ್ದಿದ ಸಮಯ ಸೇರಿಸಿ. ನಾಳೆ ಯಾರಾದರೂ ಕೇಳಿದರೆ ಎರಡನ್ನೂ ತೋರಿಸಬೇಕಾಗುತ್ತದೆ.

ರಿಮೋಟ್_ಗದಗ:

ನಾ ಗದಗಿನ್ಯಾಗ ಟಿವಿ ರಿಪೇರಿ ಮಾಡ್ತೀನ್ರಿ. ಒಂದು ಕೇಳ್ತೀನಿ: ಪೈ ಯಾವ ಸಾಕೆಟ್ಟಿಗೈತಿ, ಟಿವಿ ಯಾವ ಸಾಕೆಟ್ಟಿಗೈತಿ? ಭಾಳ ಕಡೆ ಸಣ್ಣ ಸಾಮಾನು ಇನ್ವರ್ಟರ್ ಲೈನಿಗೆ, ಟಿವಿ ಸಾದಾ ಲೈನಿಗೆ ಇರ್ತದ. ಕರೆಂಟ್ ಹೋದ್ರ ಟಿವಿ ಕಪ್ಪು, ಪೈ ಮಾತ್ರ "ಪ್ಲೇ ಆತು, ಪ್ಲೇ ಆತು" ಅಂತ ಬರಕೋತ ಕೂಡ್ತದ. ಕರೆಂಟ್ ಬಂದ ಮ್ಯಾಲೂ ಟಿವಿ ಸ್ಟ್ಯಾಂಡ್‌ಬೈನ್ಯಾಗ ನಿಂತಿರ್ತದ, ಯಾರರ ರಿಮೋಟ್ ಒತ್ತೋ ತನಕ. ಕೆಲವು ಟಿವಿಯಾಗ ಹೋಟೆಲ್ ಮೋಡ್ ಅಂತ ಒಂದು ಮೆನು ಇರ್ತದ. ಅದರಾಗ ಕರೆಂಟ್ ಬಂದ ಕೂಡ್ಲೆ ತಾನ ಆನ್ ಆಗೂ ಹಂಗ, ಯಾವ ಎಚ್‌ಡಿಎಂಐ ಮ್ಯಾಲ ಆನ್ ಆಗ್ಬೇಕು ಅನ್ನೋದನ್ನೂ ಸೆಟ್ ಮಾಡಬಹುದು.

ಎಚ್‌ಡಿಎಂಐ ಕೇಬಲ್ "ಕನೆಕ್ಟೆಡ್" ಅಂತ ತೋರಿಸಿದ್ರ ಟಿವಿ ಆನ್ ಐತಿ ಅಂತ ತಿಳೀಬ್ಯಾಡ್ರಿ. ಸ್ಟ್ಯಾಂಡ್‌ಬೈನ್ಯಾಗೂ ಭಾಳ ಟಿವಿ ಹಂಗ ತೋರಸ್ತಾವು. ಸಿಇಸಿ ಆನ್ ಮಾಡ್ರಿ, ಅಂದ್ರ ಎಚ್‌ಡಿಎಂಐ ಕೇಬಲ್ ಮ್ಯಾಲ ಟಿವಿ, ಪೈ ಒಂದಕ್ಕೊಂದು ಮಾತಾಡೋ ಸೌಲಭ್ಯ. ಸ್ಯಾಮ್‌ಸಂಗ್‌ನ್ಯಾಗ ಅದಕ್ಕ ಎನಿನೆಟ್ ಪ್ಲಸ್ ಅಂತಾರ, ಎಲ್‌ಜಿಯಾಗ ಸಿಂಪ್ಲಿಂಕ್, ಸೋನಿಯಾಗ ಬ್ರಾವಿಯಾ ಸಿಂಕ್. ಅದು ಆನ್ ಇದ್ರ ಪೈಯಿಂದ ಟಿವಿಗೆ ಪ್ರಶ್ನೆ ಕೇಳಬಹುದು: ಆನ್ ಅದಿಯೋ, ಸ್ಟ್ಯಾಂಡ್‌ಬೈ ಅದಿಯೋ? ಯಾರಾದ್ರೂ ಸೆಟ್‌ಟಾಪ್ ಬಾಕ್ಸಿನ ಇನ್‌ಪುಟ್ಟಿಗೆ ಬದಲಿಸಿದ್ರ ಆ ಸುದ್ದಿನೂ ಸಿಇಸಿ ತಂತಿ ಮ್ಯಾಲ ಬರ್ತದ, ಪೈ ಕೇಳಿಸ್ಕೋಬಹುದು. ಟಿವಿ ಉತ್ತರ ಕೊಡಲಿಲ್ಲ ಅಂದ್ರ "ತೋರಿಸಿಲ್ಲ" ಅಂತನ ಬರೀರಿ. ಅನುಮಾನ ಇದ್ದಲ್ಲಿ ನಿಮ್ಮ ಪರ ಬರ್ಕೋಬ್ಯಾಡ್ರಿ. ನಂಬಿಕಿ ಉಳೀತದ.

ಸಿಇಸಿ ಸರಿಯಾಗಿ ಮಾತಾಡದ ಟಿವಿ ಭಾಳ ಅದಾವು. ಅಲ್ಲೆ ವಾಟ್ ಅಳಿಯೋ ಸ್ಮಾರ್ಟ್ ಪ್ಲಗ್ ಹಾಕ್ರಿ. 43 ಇಂಚಿನ ಎಲ್‌ಇಡಿ ಟಿವಿ ಓಡೂ ಮುಂದ ಹತ್ತಾರು ವಾಟ್ ತಿಂತದ, ಸ್ಟ್ಯಾಂಡ್‌ಬೈನ್ಯಾಗ ಸಾಮಾನ್ಯವಾಗಿ 1 ವಾಟೂ ಇಲ್ಲ. ಯಾವ ಚಾನೆಲ್ ಅಂತ ಅದು ಹೇಳೂದಿಲ್ಲ, ಟಿವಿ ಉರೀತಿತ್ತೋ ಇಲ್ಲೋ ಅಷ್ಟ ಹೇಳ್ತದ.

ಪರದೆ_ಹುಬ್ಬಳ್ಳಿ:

ಇವತ್ತ 11 ಕಡೆನೂ ಅಡ್ಡಾಡಿ ಬಂದೆ. ರಿಮೋಟ್_ಗದಗ ಅವರು ಹೇಳಿದ್ದು ಖರೆ. 6 ಕಡೆ ಪೈ ಇನ್ವರ್ಟರಿಗೆ, ಟಿವಿ ಸಾದಾ ಲೈನಿಗೆ. ಆ ವಿದ್ಯಾನಗರದಾಗ ಎರಡೂ ಸಾದಾ ಲೈನಿಗೆ, ಅದಕ್ಕ ಅಲ್ಲಿ ಲಾಗ್ ತುಂಡಾತು.

ಆದ್ರ ಧಾರಾವಾಹಿ ಯಾಕ ಹಚ್ಚಿದ್ರು ಅಂತ ರಿಸೆಪ್ಶನ್ ಅಕ್ಕಾರನ್ನ ಕೇಳಿದೆ. ಬೇಜಾರಿಂದನ ಹೇಳಿದ್ರು: "ನೀವು ಹಚ್ಚಿ ಹೋಗ್ತೀರಿ, ದಿನಪೂರ್ತಿ ಕೂಡಾಕಿ ನಾನು. ಅದ ಕನ್ನಡಕ, ಅದ ಔಷಧದಂಗಡಿ, ಅದ ಲ್ಯಾಬು. ನೋಡಿ ನೋಡಿ ತಲಿ ಹಿಡೀತದ. ಪೇಶಂಟ್ ಮಂದಿನ ಬದಲು ಮಾಡ್ರಿ ಅಂತಾರ." ಅವರ ಟೇಬಲ್ ಮ್ಯಾಲ ಟೋಕನ್ ವಹಿ ಇತ್ತು, ಅಂಚು ಹರಿದದ್ದು. ನಾ ಅಲ್ಲಿ ನಿಂತ ಹತ್ತು ನಿಮಿಷದಾಗ ಏಳು ಮಂದಿ ಬಂದು "ಈಗ ಎಷ್ಟನೇ ನಂಬರ್ರಿ?" ಅಂತ ಕೇಳಿದ್ರು.

ಲಾಗ್_ಓದುವವ (ಧಾರವಾಡ):

ಆ ಅಕ್ಕ ಹೇಳಿದ್ದೇ ಈ ಎಳೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು. ಆ ಟೋಕನ್ ವಹಿಯಿಂದ ಲೆಕ್ಕ ತೆಗೆಯೋಣ. ಬೆಳಗಿನ ಒಪಿಡಿ ಎಷ್ಟು ಹೊತ್ತು, ಎಷ್ಟು ಟೋಕನ್, ಒಬ್ಬರು ಸುಮಾರು ಎಷ್ಟು ಹೊತ್ತು ಕಾಯುತ್ತಾರೆ?

ಪರದೆ_ಹುಬ್ಬಳ್ಳಿ:

10ರಿಂದ 2ರ ತನಕ, 60 ಟೋಕನ್. 40 ನಿಮಿಷ ಕಾಯ್ತಾರ ಅಂತ ಅಕ್ಕಾರ ಅಂದಾಜು. ಒಬ್ಬೊಬ್ಬರ ಜೋಡಿ ಒಬ್ಬರು ಬಂದಿರ್ತಾರ.

ಲಾಗ್_ಓದುವವ (ಧಾರವಾಡ):

4 ಗಂಟೆಗೆ 60 ಅಂದರೆ ಗಂಟೆಗೆ 15. ಸರದಿ ಲೆಕ್ಕದಲ್ಲಿ ಲಿಟಲ್ಸ್ ಲಾ ಅಂತ ಒಂದು ಸರಳ ಸೂತ್ರವಿದೆ: ಬರುವ ವೇಗವನ್ನು ಕಾಯುವ ಹೊತ್ತಿನಿಂದ ಗುಣಿಸಿದರೆ ಒಳಗೆ ಸರಾಸರಿ ಎಷ್ಟು ಜನ ಇರುತ್ತಾರೆ ಅನ್ನೋದು ಸಿಗುತ್ತದೆ. 15ನ್ನು 40 ನಿಮಿಷದಿಂದ, ಅಂದರೆ ಮೂರನೇ ಎರಡು ಗಂಟೆಯಿಂದ ಗುಣಿಸಿ, 10 ರೋಗಿಗಳು. ಜತೆಯವರು ಸೇರಿ ಕೋಣೆಯಲ್ಲಿ 20 ಜನ.

ಬೆಳಗಿನ 4 ಗಂಟೆಯಲ್ಲಿ ನಿಮ್ಮ ಒಂದು ಜಾಹೀರಾತು 80 ಸಲ ಬರುತ್ತದೆ. 80ಕ್ಕೆ 20 ಗುಣಿಸಿದರೆ 1600 "ನೋಡುವ ಅವಕಾಶ". ಕಾಗದದ ಮೇಲೆ ದೊಡ್ಡ ಅಂಕಿ. ಆದರೆ ಬಂದು ಹೋದ ಜನ ಬರೀ 120. ಅಂದರೆ ಒಬ್ಬೊಬ್ಬರ ಕಣ್ಣ ಮುಂದೆ ಅದೇ ಕನ್ನಡಕ 13 ಸಲ ಹಾದುಹೋಗಿದೆ. ಅಕ್ಕ "ತಲಿ ಹಿಡೀತದ" ಅಂದದ್ದು ಇದನ್ನೇ. ರಸ್ತೆ ಬದಿಯ ಫಲಕದ ಮುಂದೆ ಜನ ಹಾದುಹೋಗುತ್ತಾರೆ, ಆಸ್ಪತ್ರೆಯಲ್ಲಿ ಕೂತೇ ಇರುತ್ತಾರೆ. ಎರಡಕ್ಕೂ ಒಂದೇ ಲೆಕ್ಕ ಹಾಕಬಾರದು. ಗಿರಾಕಿಗೆ 1600 ಮತ್ತು 120 ಎರಡನ್ನೂ ಹೇಳಿ. ಒಂದು ಪ್ಲೇ ಅಂದರೆ ಒಂದು ನೋಟ ಅಲ್ಲ ಅನ್ನೋದು ದೊಡ್ಡ ವ್ಯವಸ್ಥೆಗಳಲ್ಲೂ ಒಪ್ಪಿದ ಮಾತು. ಡಿಜಿಟಲ್ ಜಾಹೀರಾತು ಹರಾಜಿನ ಮಾನದಂಡವಾದ ಓಪನ್ ಆರ್‌ಟಿಬಿ 2.6ರಲ್ಲಿ, ಒಂದು ಪ್ಲೇಗೆ ಎಷ್ಟು ನೋಟ ಅನ್ನುವ ಗುಣಕಕ್ಕೆಂದೇ ಒಂದು ಫೀಲ್ಡ್ ಇದೆ.

ಸುತ್ತನ್ನು 12 ನಿಮಿಷಕ್ಕೆ ಏರಿಸಿ. 3 ನಿಮಿಷ ಜಾಹೀರಾತು, 9 ನಿಮಿಷ ಕಾಯುವವರಿಗೆ ಬೇಕಾದದ್ದು. ಪರದೆಯ ಒಂದು ಬದಿಗೆ ಈಗ ನಡೆಯುತ್ತಿರುವ ಟೋಕನ್ ನಂಬರ್ ಯಾವಾಗಲೂ ಕಾಣಲಿ. ಆಗ ಚಾನೆಲ್ ಬದಲಿಸಲು ಯಾರಿಗೂ ಮನಸ್ಸಾಗುವುದಿಲ್ಲ.

ಕ್ಯಾಮೆರಾ ಮಾತ್ರ ದಯವಿಟ್ಟು ಬೇಡ. ವೇಟಿಂಗ್ ರೂಮಿನಲ್ಲಿ ಒಬ್ಬರು ಕೂತಿದ್ದಾರೆ ಅನ್ನೋದೇ ಅವರ ಆರೋಗ್ಯದ ಗುಟ್ಟು. ಮನೋವೈದ್ಯರ ಬಾಗಿಲಲ್ಲಿ ಕೂತ ಮಗಳನ್ನು, ಬಂಜೆತನದ ಚಿಕಿತ್ಸೆಗೆ ಬಂದ ದಂಪತಿಯನ್ನು ನೆನಪಿಸಿಕೊಳ್ಳಿ. ಅವರು ಬಂದದ್ದು ವೈದ್ಯರನ್ನು ನೋಡಲು, ಕನ್ನಡಕದಂಗಡಿಯ ಲೆಕ್ಕಕ್ಕೆ ಸಿಗಲು ಅಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಮಕ್ಕಳ ನಡವಳಿಕೆಯ ನಿಗಾ ಮತ್ತು ಅವರನ್ನು ಗುರಿಯಾಗಿಸಿದ ಜಾಹೀರಾತು ಎರಡನ್ನೂ ತಡೆಯುತ್ತದೆ. ನಿಮ್ಮ 11ರಲ್ಲಿ ಮಕ್ಕಳ ಕ್ಲಿನಿಕ್ ಇಲ್ಲದೆ ಇರಲಾರದು. ಟೋಕನ್ ವಹಿಯ ಒಟ್ಟು ಸಂಖ್ಯೆ ಸಾಕು. ಹೆಸರಿನ ಕಾಲಂ ನಿಮ್ಮ ಫೋಟೋದಲ್ಲೂ ಬರಬಾರದು.

ಔಷಧಿ_ಹಾವೇರಿ:

ನಡುವೆ ಒಂದು ಮಾತು. ಸ್ಲಾಟಿನಲ್ಲಿ "ಸಕ್ಕರೆ ಕಾಯಿಲೆ ಗುಣಪಡಿಸುತ್ತೇವೆ", "ಆಪರೇಷನ್ ಇಲ್ಲದೆ ಕಣ್ಣಿನ ಪೊರೆ ಮಾಯ" ಅಂತ ಯಾರಾದರೂ ಕೊಟ್ಟಿದ್ದರೆ ಇವತ್ತೇ ತೆಗೆಯಿರಿ. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ ಪಟ್ಟಿಯಲ್ಲಿ ಈ ಎರಡೂ ಕಾಯಿಲೆ ಇವೆ. ಡಾಕ್ಟರ ಗೋಡೆಯ ಮೇಲೆ ಬಂದದ್ದನ್ನು ಜನ ಡಾಕ್ಟರೇ ಹೇಳಿದರು ಅಂತ ನಂಬುತ್ತಾರೆ.

ಪರದೆ_ಹುಬ್ಬಳ್ಳಿ:

ಕ್ಯಾಮೆರಾ ವಿಚಾರ ಬಿಟ್ಟೆ. ನೀವು ಬರದದ್ದು ಓದಿ ನಮ್ಮ ತಂಗಿ ನೆನಪಾದಳು, ಅಕಿ ಅಂಥಾ ಒಂದು ಬಾಗಲದಾಗ ಭಾಳ ದಿನ ಕೂತಾಕಿ. ಸಕ್ಕರಿ ಕಾಯಿಲೆದ ಒಂದು ಸ್ಲಾಟ್ ಇತ್ತು, ಅದನ್ನ ತಗದು ರೊಕ್ಕ ವಾಪಸ್ ಕೊಟ್ಟೆ.

ಒಂದ ಹೆದರಿಕಿ: 12 ನಿಮಿಷದ ಸುತ್ತಾದ್ರ ಗಂಟೆಗೆ 5 ಪ್ಲೇ, 8 ತಾಸಿಗೆ 40. 480 ನೋಡಿದವರಿಗೆ 40 ತೋರಿಸಿದ್ರ ಒಪ್ತಾರೇನ್ರಿ?

ಲಾಗ್_ಓದುವವ (ಧಾರವಾಡ):

ಕಂಡ 40ಕ್ಕೆ ಬೆಲೆ ಇದೆ, ಕಾಣದ 480ಕ್ಕೆ ಇಲ್ಲ. 40 ನಿಮಿಷ ಕೂತವರು ಆಗಲೂ ಮೂರು ಸಲ ನೋಡುತ್ತಾರೆ. ವರದಿಯಲ್ಲಿ ಎರಡು ಕಾಲಂ ಮಾಡಿ: "ನಿಗದಿ" ಮತ್ತು "ಪರದೆಯ ಮೇಲೆ ಖಚಿತ". ಬಿಲ್ಲು ಎರಡನೆಯದಕ್ಕೆ ಮಾತ್ರ. ಕಡಿಮೆ ಬಿದ್ದ ಪ್ಲೇಗಳನ್ನು ಮುಂದಿನ ವಾರ ಸೇರಿಸಿ ತೀರಿಸಿ.

ಇನ್ನೊಂದು ಸಾಕ್ಷಿ ಬೇಕಾದರೆ ಪರದೆಯ ಮೂಲೆಗೆ ಬಿಎಚ್1750 ಬೆಳಕಿನ ಸೆನ್ಸರ್ ಅಂಟಿಸಿ. ಪ್ರತಿ ಜಾಹೀರಾತಿನ ಆ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಚೌಕ ಇಟ್ಟು, ಮೊದಲ ಎರಡು ಸೆಕೆಂಡ್ ಬಿಳಿ-ಕಪ್ಪು-ಬಿಳಿ-ಕಪ್ಪು ಮಾಡಿಸಿ. ಸೆನ್ಸರ್ ಆ ಏರಿಳಿತ ಕಂಡರೆ ಮಾತ್ರ "ಖಚಿತ". ಧಾರಾವಾಹಿ ಬರುತ್ತಿದ್ದರೆ ಆ ತಾಳ ಬರುವುದಿಲ್ಲ. ಗಡಿಯಾರದ ಮಾಡ್ಯೂಲ್ ಕೂತ ಐ2ಸಿ ತಂತಿಗಳಿಗೇ (ಹಲವು ಬಿಡಿಭಾಗಗಳನ್ನು ಒಟ್ಟಿಗೆ ಪೈಗೆ ಜೋಡಿಸುವ ತಂತಿಗಳು) ಇದನ್ನೂ ಜೋಡಿಸಬಹುದು, ವಿಳಾಸ ಬೇರೆ ಬೇರೆ. ತಂತಿ ಮಾತ್ರ ಗಿಡ್ಡ ಇರಲಿ, ಪೈಯನ್ನು ಟಿವಿ ಹಿಂದೆ ಅದೇ ಮೂಲೆಗೆ ಸರಿಸಿ.

ಪರದೆ_ಹುಬ್ಬಳ್ಳಿ:

ಎರಡು ವಾರ ಆತು. ವಿದ್ಯಾನಗರದಾಗ ಗಡಿಯಾರ, ಸಿಇಸಿ, ಸೆನ್ಸರ್ ಮೂರೂ ಹಾಕೇನಿ. ಟೋಕನ್ ನಂಬರ್ ಬದಲಿಸಾಕ ಅಕ್ಕಾರ ಕೈಯಾಗ ಎರಡು ಗುಂಡಿಯ ಸಣ್ಣ ಡಬ್ಬಿ ಕೊಟ್ಟೆ. ನಿಗದಿ 40, ಖಚಿತ ದಿನಾ 36ರಿಂದ 39. ಒಂದು ದಿನ 29 ಇತ್ತು, ಸಂಜೀಕೆ ಕರೆಂಟ್ ಎರಡು ತಾಸು ಇರಲಿಲ್ಲ. ಆ 29ನ್ನೂ ಹಂಗ ಬರದು ಕೊಟ್ಟೆ.

ಕನ್ನಡಕದಂಗಡಿಯವರು ಮತ್ತ ಹುಡುಗನ್ನ ಕಳಿಸಿದ್ರು. ಅವನ ಚೀಟಿ, ನನ್ನ ಲಾಗ್ ಟೇಬಲ್ ಮ್ಯಾಲ ಜೋಡಿ ಇಟ್ಟು ನೋಡಿದ್ವಿ. ಅವ ಬರಕೊಂಡದ್ದು 5 ಸಲ, ಲಾಗ್‌ನ್ಯಾಗ ಆ ತಾಸಿಗೆ 5. ತಡದಿಟ್ಟ ರೊಕ್ಕದಾಗ ಅರ್ಧ ಕೊಟ್ಟರು. ಉಳಿದರ್ಧ ನಾನ ಬ್ಯಾಡ ಅಂದೆ, ಆ ತಿಂಗಳು ನಾ ಖಾತ್ರಿ ಕೊಡಾಕ ಆಗೂದಿಲ್ಲ.

ಈಗ ಸಪ್ತಾಪುರದ್ದೊಂದು ಉಳದೈತಿ. ಅಲ್ಲಿ ಸಂಜಿ 5ರ ಸುಮಾರಿಗೆ ಪಡುವಣ ಕಿಟಕಿ ಬಿಸಲು ನೇರ ಸೆನ್ಸರ್ ಮ್ಯಾಲ ಬಿದ್ದು ಬಿಳಿ-ಕಪ್ಪು ಫರಕ ಗೊತ್ತಾಗವಲ್ದು. ಅರ್ಧ ತಾಸಿನ ಪ್ಲೇ ಎಲ್ಲಾ "ಖಚಿತ ಇಲ್ಲ" ಅಂತ ಬರ್ತಾವು.

ರಿಮೋಟ್_ಗದಗ:

ಕಪ್ಪು ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗೋ ಪ್ಲಾಸ್ಟಿಕ್) ಕೊಳವಿ ಒಂದು ಇಂಚು ಕತ್ತರಿಸಿ ಸೆನ್ಸರಿಗೆ ಟೊಪ್ಪಿಗಿ ಹಂಗ ಹಾಕ್ರಿ, ಬಾಯಿ ಗಾಜಿಗೆ ಹತ್ತಿರಬೇಕು, ಸುತ್ತ ಕಪ್ಪು ಟೇಪ್. ಡಬಲ್ ಟೇಪ್ ಹಚ್ಚೂ ಮೊದಲ ಗಾಜು ಒಣ ಅರಿವಿಯಿಂದ ಒರಸ್ರಿ, ಇಲ್ಲಾಂದ್ರ ಬ್ಯಾಸಗಿಯಾಗ ಜಾರಿ ಬೀಳ್ತದ.