ಕಾಪ್‌ಗೆ ಸ್ಟೂಡೆಂಟ್ ಡೆಲಿಗೇಟ್ ಆಗಿ ಹೋದ್ರೆ ಅಲ್ಲಿ ನಿಜವಾಗ್ಲೂ ಏನು ಮಾಡಕ್ಕಾಗತ್ತೆ?

ಮುಂಗಾರು:

ಎಲ್ಲರಿಗೂ ನಮಸ್ಕಾರ. ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ ಇದ್ಯಲ್ಲ, ಕಾಪ್, ಅದಕ್ಕೆ ನಮ್ಮ ಯೂನಿವರ್ಸಿಟಿಗೆ ಅಬ್ಸರ್ವರ್ (ವೀಕ್ಷಕ) ಮಾನ್ಯತೆ ಇದೆ, ಈ ಸಲ ಕಳಿಸೋ ಸ್ಟೂಡೆಂಟ್ಸ್ ಲಿಸ್ಟಲ್ಲಿ ನನ್ನ ಹೆಸರು ಬಂದಿದೆ. ಬ್ಯಾಡ್ಜ್, ಅಂದ್ರೆ ಒಳಗೆ ಹೋಗೋ ಪಾಸ್, ಒಂದೇ ವಾರಕ್ಕೆ, ಮೊದಲ ವಾರನಾ ಎರಡನೇ ವಾರನಾ ಅಂತ ನಾವೇ ಹೇಳ್ಬೇಕು. ತುಂಬಾ ಖುಷಿಯಾಗಿದೆ, ಆದ್ರೆ ಅಜೆಂಡಾ ತೆಗೆದು ನೋಡಿದ್ರೆ ಎಸ್‌ಬಿಐ, ಎಸ್‌ಬಿಎಸ್‌ಟಿಎ, ಸಿಎಂಎ ಅಂತ ಬರೀ ಅಕ್ಷರಗಳೇ, ಒಂದೂ ತಲೆಗೆ ಹೋಗ್ತಿಲ್ಲ. ಮಾತುಕತೆ ನಡೆಯೋ ರೂಮಿಗೆ ನಮ್ಮನ್ನ ಬಿಡ್ತಾರಾ, ಮಾತಾಡೋಕೆ ಅವಕಾಶ ಇರತ್ತಾ, ಅಥವಾ ದೂರದಿಂದ ನೋಡಿ ಬರೋದಷ್ಟೇನಾ? ಸೀನಿಯರ್ ಒಬ್ರು ಸ್ಟೂಡೆಂಟ್ಸ್ ಹೋಗೋದು ಫೋಟೋಗೆ ಅಷ್ಟೇ ಅಂದ್ಬಿಟ್ರು, ಆ ಮಾತು ಮನಸ್ಸಲ್ಲೇ ಕೂತಿದೆ. ಅಷ್ಟು ದೂರ ವಿಮಾನದಲ್ಲಿ ಹೋಗಿ ಹೊಗೆ ಬಿಟ್ಟು ಬಂದ್ಮೇಲೆ ಏನಾದ್ರೂ ಉಪಯೋಗ ಆಗ್ಲೇಬೇಕಲ್ವಾ. ಹೋಗಿ ಬಂದವರು ದಯವಿಟ್ಟು ಹೇಳಿ.

ಕೊನೇಬೆಂಚು:

ಮೊದಲ ವಾರ ತಗೊಳ್ಳಿ, ಇದ್ರಲ್ಲಿ ನಂಗೆ ಅನುಮಾನನೇ ಇಲ್ಲ. ಎಸ್‌ಬಿಐ, ಎಸ್‌ಬಿಎಸ್‌ಟಿಎ ಅನ್ನೋದು ಎರಡು ಕಾಯಂ ಸಮಿತಿಗಳು, ಒಂದು ಜಾರಿ ವಿಷಯ ನೋಡತ್ತೆ, ಇನ್ನೊಂದು ವಿಜ್ಞಾನ ತಂತ್ರಜ್ಞಾನದ್ದು, ಸಿಎಂಎ ಅಂದ್ರೆ ಪ್ಯಾರಿಸ್ ಒಪ್ಪಂದಕ್ಕೆ ಸೇರಿರೋ ದೇಶಗಳ ಸಭೆ. ಆ ಎರಡು ಸಮಿತಿಗಳು ಮೊದಲ ವಾರದಲ್ಲೇ ಕೂತು ವಾರದ ಕೊನೆ ಹೊತ್ತಿಗೆ ತಮ್ಮ ಕೆಲಸ ಮುಗಿಸ್ಬೇಕು, ಹಾಗಾಗಿ ಒಂದು ವಿಷಯ ಶುರುವಾಗೋದು, ಡ್ರಾಫ್ಟ್ ಬರೋದು, ಎಳೆದಾಡೋದು, ಮುಗಿಯೋದು ಅಥವಾ ಮುಗೀದೇ ಮುಂದಕ್ಕೆ ಹೋಗೋದು, ಎಲ್ಲಾ ಒಂದೇ ವಾರದಲ್ಲಿ ಕಣ್ಣಾರೆ ನೋಡಬಹುದು. ಎರಡನೇ ವಾರ ಮಂತ್ರಿಗಳು ಬರ್ತಾರೆ, ದೊಡ್ಡ ಜಗ್ಗಾಟ ಎಲ್ಲಾ ಮುಚ್ಚಿದ ಬಾಗಿಲ ಹಿಂದೆ, ಅದೂ ಹೇಳಿದ ದಿನಕ್ಕೆ ಮುಗಿಯಲ್ಲ. 2024ರಲ್ಲಿ ಬಾಕು ಸಮ್ಮೇಳನ ನವೆಂಬರ್ 22ಕ್ಕೆ ಮುಗೀಬೇಕಿತ್ತು, ಅಭಿವೃದ್ಧಿಶೀಲ ದೇಶಗಳಿಗೆ 2035ರ ಹೊತ್ತಿಗೆ ವರ್ಷಕ್ಕೆ 300 ಬಿಲಿಯನ್ ಡಾಲರ್ ಅನ್ನೋ ಹಣಕಾಸಿನ ತೀರ್ಮಾನ ಆಗಿದ್ದು 24ರ ಬೆಳಗಿನ ಜಾವ.

ರೂಮಿನ ವಿಷಯ. ಪ್ಲೀನರಿಗೆ, ಅಂದ್ರೆ ಎಲ್ಲಾ ದೇಶಗಳೂ ಕೂರೋ ದೊಡ್ಡ ಸಭೆಗೆ, ನಮ್ಮನ್ನ ಬಿಡ್ತಾರೆ, ಒಂದೊಂದು ವಿಷಯ ಚರ್ಚೆ ಮಾಡೋ ಕಾಂಟ್ಯಾಕ್ಟ್ ಗ್ರೂಪ್‌ಗೂ ಸಾಮಾನ್ಯವಾಗಿ ಬಿಡ್ತಾರೆ. ಇನ್‌ಫಾರ್ಮಲ್ ಕನ್ಸಲ್ಟೇಶನ್ (ಅನೌಪಚಾರಿಕ ಸಮಾಲೋಚನೆ) ಅಂತ ಇರತ್ತಲ್ಲ, ಅದ್ರಲ್ಲಿ ಮೊದಲನೇದು ಮತ್ತು ಕೊನೇದಾದ್ರೂ ಅಬ್ಸರ್ವರ್‌ಗಳಿಗೆ ತೆರೆದಿರ್ಬೇಕು ಅಂತ ದೇಶಗಳೇ ಒಪ್ಪಿಕೊಂಡಿದಾವೆ, ಯಾವ್ದಾದ್ರೂ ದೇಶ ಬೇಡ ಅಂದ್ರೆ ಮಾತ್ರ ಎದ್ದು ಹೊರಗೆ ಬರ್ಬೇಕು. ಇನ್‌ಫಾರ್ಮಲ್ ಇನ್‌ಫಾರ್ಮಲ್ ಅಂತಾನೂ ಒಂದಿದೆ, ಅದು ದೇಶಗಳು ತಮ್ಮತಮ್ಮಲ್ಲೇ ಮೂಲೆಯಲ್ಲಿ ನಿಂತು ಮಾಡ್ಕೊಳ್ಳೋದು, ಅಲ್ಲಿ ನಮಗೆ ಜಾಗ ಇಲ್ಲ. ಮೇಜಿನ ಸುತ್ತ ದೇಶದವರು, ಗೋಡೆ ಪಕ್ಕದ ಕುರ್ಚಿ ನಮ್ಮದು, ಸಣ್ಣ ರೂಮಾದ್ರೆ ಬೇಗ ಹೋಗಿ ಕೂತ್ಕೊಳ್ಳಿ.

ಒಂದೇ ಒಂದು ಅಜೆಂಡಾ ಐಟಂ ಹಿಡ್ಕೊಳ್ಳಿ. ಇದನ್ನ ಒತ್ತಿ ಹೇಳ್ತಿದೀನಿ ಯಾಕಂದ್ರೆ ದಿನಾ ಹತ್ತು ಕಡೆ ಓಡಾಡಿದವರಿಗೆ ಕೊನೆಗೆ ಯಾವ್ದೂ ನೆನಪಿರಲ್ಲ. ಒಂದೇ ರೂಮಲ್ಲಿ ಕೂತ್ರೆ ಮೊದಲ ದಿನ ಬೋರ್ ಆಗತ್ತೆ, ಸ್ಕ್ರೀನ್ ಮೇಲೆ ಒಂದು ಪ್ಯಾರಾ, ವಿವಾದ ಇರೋ ಮಾತುಗಳೆಲ್ಲಾ ಚೌಕ ಬ್ರಾಕೆಟ್ ಒಳಗೆ, ಒಬ್ರು ನಾಮಫಲಕ ನಿಲ್ಲಿಸಿ ಈ ಸಾಲನ್ನ ಬ್ರಾಕೆಟ್ ಮಾಡಿ ಅಂತಾರೆ, ಇನ್ನೊಬ್ರು ಹಾಗಾದ್ರೆ ನಮ್ಮ ಸಾಲೂ ಆಪ್ಷನ್ ಎರಡು ಅಂತ ಹಾಕಿ ಅಂತಾರೆ, ನಡೆಸ್ಕೊಡೋ ಇಬ್ಬರು ಕೋ-ಫೆಸಿಲಿಟೇಟರ್‌ಗಳು ತಾಳ್ಮೆಯಿಂದ ಟೈಪ್ ಮಾಡಿಸ್ತಾ ಇರ್ತಾರೆ, ಗಂಟೆ ಕಳೆದ್ರೂ ಅರ್ಧ ಪ್ಯಾರಾ. ಆದ್ರೆ ಎರಡು ಮೂರು ಸಭೆ ಆದ್ಮೇಲೆ ಯಾರು ಯಾವ ಗುಂಪಿನ ಪರ ಮಾತಾಡ್ತಿದಾರೆ ಗೊತ್ತಾಗಕ್ಕೆ ಶುರುವಾಗತ್ತೆ, 130ಕ್ಕೂ ಹೆಚ್ಚು ದೇಶಗಳ ಜಿ77 ಮತ್ತು ಚೀನಾ ಗುಂಪು, ಸಣ್ಣ ದ್ವೀಪ ದೇಶಗಳ ಎಒಎಸ್‌ಐಎಸ್, ಯುರೋಪಿಯನ್ ಯೂನಿಯನ್, ಯಾವ ಬ್ರಾಕೆಟ್ ಹಿಂದೆ ಯಾರ ದುಡ್ಡಿನ ಪ್ರಶ್ನೆ ಇದೆ ಅಂತ ನಿಮಗೇ ಹೊಳೆಯತ್ತೆ. ಅಷ್ಟು ಅರ್ಥ ಆದ್ರೆ ಅದು ಯಾವ ಕ್ಲಾಸಲ್ಲೂ ಸಿಗದ ಪಾಠ.

ನೀಲಿಚುಕ್ಕಿ:

ಮಾತಾಡೋ ಅವಕಾಶದ ಬಗ್ಗೆ ನಾನು ಹೇಳ್ತೀನಿ. ಅಬ್ಸರ್ವರ್ ಸಂಸ್ಥೆಗಳನ್ನ ಒಂಬತ್ತು ಗುಂಪು ಮಾಡಿದಾರೆ, ಯೂನಿವರ್ಸಿಟಿಗಳು ಸಾಮಾನ್ಯವಾಗಿ ರಿಂಗೋ ಅನ್ನೋ ಸಂಶೋಧನಾ ಸಂಸ್ಥೆಗಳ ಗುಂಪಲ್ಲಿ ಇರ್ತವೆ, ಯುವಜನರದ್ದು ಯಂಗೋ. ನಿಮ್ಮ ಬ್ಯಾಡ್ಜ್ ರಿಂಗೋ ಕಡೆಯಿಂದ ಬಂದಿದ್ರೂ ಯಂಗೋ ವರ್ಕಿಂಗ್ ಗ್ರೂಪ್‌ಗಳಿಗೆ ಈಗ್ಲೇ ಸೇರ್ಕೊಳ್ಳಬಹುದು, ಅಲ್ಲಿಗೆ ಹೋದ್ಮೇಲೆ ಸೇರ್ತೀನಿ ಅಂದ್ರೆ ತಡ ಆಗತ್ತೆ, ಹೇಳಿಕೆಗಳ ಕರಡು ತಿಂಗಳುಗಳ ಮುಂಚೆಯಿಂದ್ಲೇ ನಡೀತಿರತ್ತೆ. ಪ್ಲೀನರಿಯಲ್ಲಿ ಪ್ರತಿ ಗುಂಪಿಗೂ ಸುಮಾರು 2 ನಿಮಿಷ ಕೊಡ್ತಾರೆ, ಅದೂ ದೇಶಗಳೆಲ್ಲಾ ಮಾತಾಡಿದ ಮೇಲೆ, ಟೈಮ್ ಉಳಿದ್ರೆ. ಕಡಿಮೆನೇ, ಒಪ್ತೀನಿ. ಆದ್ರೆ ಆ 2 ನಿಮಿಷದ ಮಾತು ಬರೆಯೋದ್ರಲ್ಲಿ ಬೇರೆ ಬೇರೆ ಖಂಡಗಳ ಹುಡುಗ್ರು ಹುಡುಗೀರು ಒಂದು ಪದಕ್ಕೂ ವಾದ ಮಾಡ್ತಾರೆ, ಅಲ್ಲಿ ಸಿಗೋ ಸ್ನೇಹ ದೊಡ್ಡದು. ಕಾಪ್‌ಗೆ ಸ್ವಲ್ಪ ದಿನ ಮುಂಚೆ ಕಾಯ್ ಅನ್ನೋ ಯುವ ಸಮ್ಮೇಳನ ಇರತ್ತೆ, ಸಾಧ್ಯ ಆದ್ರೆ ಅದಕ್ಕೂ ಹೋಗಿ.

ಫೋಟೋ ಅಂದ ಸೀನಿಯರ್‌ಗೆ ವನುವಾಟು ಅನ್ನೋ ಪೆಸಿಫಿಕ್ ದ್ವೀಪ ದೇಶದ ಕಥೆ ಹೇಳಿ. 2019ರಲ್ಲಿ ಯೂನಿವರ್ಸಿಟಿ ಆಫ್ ದ ಸೌತ್ ಪೆಸಿಫಿಕ್‌ನ 27 ಜನ ಕಾನೂನು ವಿದ್ಯಾರ್ಥಿಗಳು ಹವಾಮಾನದ ವಿಷಯದಲ್ಲಿ ದೇಶಗಳ ಹೊಣೆ ಏನು ಅಂತ ಅಂತರರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳೋಣ ಅಂತ ಹೊರಟ್ರು, ವನುವಾಟು ಸರ್ಕಾರ ಅದನ್ನ ಕೈಗೆತ್ಕೊಳ್ತು, 2023ರ ಮಾರ್ಚಲ್ಲಿ ವಿಶ್ವಸಂಸ್ಥೆ ಮಹಾಸಭೆ ಸರ್ವಾನುಮತದಿಂದ ನಿರ್ಣಯ ಮಾಡ್ತು, 2025ರ ಜುಲೈ 23ಕ್ಕೆ ಹೇಗ್‌ನಲ್ಲಿ ಕೋರ್ಟ್ ಅಭಿಪ್ರಾಯ ಕೊಡ್ತು, ಹವಾಮಾನ ಕಾಪಾಡೋದು ದೇಶಗಳ ಕಾನೂನಿನ ಹೊಣೆ, ತಪ್ಪಿದ್ರೆ ಪರಿಹಾರ ಕೊಡೋ ಪ್ರಸಂಗವೂ ಬರಬಹುದು ಅಂತ. ಇದನ್ನ ಓದಿದಾಗೆಲ್ಲಾ ನಂಗೆ ಮೈ ಜುಂ ಅನ್ನತ್ತೆ.

ಹೊಳೆದಂಡೆ:

ಕೊನೇಬೆಂಚು ಹೇಳಿದ್ದು ಮುಕ್ಕಾಲು ಪಾಲು ಸರಿ, ಆದ್ರೆ ಪೂರ್ತಿ ವಾರ ಒಂದೇ ರೂಮಲ್ಲಿ ಕೂರೋದನ್ನ ನಾನು ಒಪ್ಪಲ್ಲ. ಬರ, ನೆರೆ, ಕಡಲು ಕೊರೆತ ಇದನ್ನೆಲ್ಲಾ ಮೈಮೇಲೆ ಅನುಭವಿಸಿದ ಜನ ಸಿಗೋದು ದೇಶಗಳು, ಸಂಸ್ಥೆಗಳು ಹಾಕೋ ಪೆವಿಲಿಯನ್ ಮಳಿಗೆಗಳಲ್ಲಿ, ಮಾತುಕತೆಯ ಹೊರಗೆ ನಡೆಯೋ ಸೈಡ್ ಈವೆಂಟ್‌ಗಳಲ್ಲಿ. ದಿನಕ್ಕೆ ಒಂದಾದ್ರೂ ಅಂಥದ್ದಕ್ಕೆ ಹೋಗಿ, ಮುಗಿದ ಮೇಲೆ ಹತ್ರ ಹೋಗಿ ಮಾತಾಡ್ಸಿ. ಸಣ್ಣ ದೇಶಗಳ ನಿಯೋಗದಲ್ಲಿ ಕೆಲವೇ ಜನ ಇರ್ತಾರೆ, ಒಂದೇ ಹೊತ್ತಲ್ಲಿ ನಡೆಯೋ ಎಲ್ಲಾ ಸಭೆಗೂ ಅವರಿಗೆ ಹೋಗಕ್ಕಾಗಲ್ಲ, ತೆರೆದ ಸಭೆಯಲ್ಲಿ ನೀವು ನೀಟಾಗಿ ಬರ್ಕೊಂಡ ನೋಟ್ಸ್ ಅವರಿಗೆ ನಿಜವಾಗ್ಲೂ ಬೇಕಾಗತ್ತೆ, ಕೇಳಿ ನೋಡಿ.

ಇನ್ನೊಂದು, ಮಾತುಕತೆ ನಡೆಯೋ ಬ್ಲೂ ಝೋನ್ ವಿಶ್ವಸಂಸ್ಥೆ ಸುಪರ್ದಿಯಲ್ಲಿರತ್ತೆ. ಪ್ರತಿಭಟನೆ, ಬ್ಯಾನರ್ ಏನೇ ಇದ್ರೂ ಸಮ್ಮೇಳನ ನಡೆಸೋ ವಿಶ್ವಸಂಸ್ಥೆಯ ಸೆಕ್ರೆಟೇರಿಯಟ್ ಕಚೇರಿಯಿಂದ ಮುಂಚೆನೇ ಅನುಮತಿ ತಗೊಳ್ಬೇಕು, ಇಲ್ದಿದ್ರೆ ಬ್ಯಾಡ್ಜೇ ಕಿತ್ಕೊಳ್ಳಬಹುದು. ಮತ್ತೆ ಬ್ಯಾಡ್ಜ್ ಸಿಕ್ಕಿದೆ ಅಂದ್ರೆ ವೀಸಾ ಸಿಕ್ಕಂಗಲ್ಲ, ಅದಕ್ಕೆ ಬೇರೆನೇ ಓಡಾಟ ಇದೆ, ಇವತ್ತೇ ಶುರು ಮಾಡಿ. ಉಳ್ಕೊಳ್ಳೋ ಜಾಗವೂ ಅಷ್ಟೇ.

ಮುಂಗಾರು:

ತುಂಬಾ ತುಂಬಾ ಥ್ಯಾಂಕ್ಸ್, ಈಗ ಧೈರ್ಯ ಬಂತು. ಮೊದಲ ವಾರ ಅಂತ ಬರೆದು ಕಳಿಸಿದೆ. ನಾನು ಓದ್ತಿರೋದು ಅಂತರ್ಜಲದ ಬಗ್ಗೆ, ಹಾಗಾಗಿ ಅಡಾಪ್ಟೇಶನ್, ಅಂದ್ರೆ ಹವಾಮಾನ ಬದಲಾವಣೆಗೆ ಹೊಂದ್ಕೊಳ್ಳೋ ವಿಷಯ, ಹಿಡ್ಕೊಳ್ಳೋಣ ಅಂತಿದೀನಿ. ಹೋಗೋದ್ರೊಳಗೆ ಏನು ಓದ್ಲಿ?

ಕೊನೇಬೆಂಚು:

ಒಳ್ಳೇ ಆಯ್ಕೆ, ನೀರು ಅಲ್ಲಿ ಎಲ್ಲಾ ಕಡೆ ಬರತ್ತೆ. ಹಿಂದಿನ ಕಾಪ್‌ನ ತೀರ್ಮಾನದಲ್ಲಿ ಅಡಾಪ್ಟೇಶನ್ ಭಾಗ ಓದಿ, ಆಮೇಲೆ ಪ್ರತಿ ಜೂನ್‌ನಲ್ಲಿ ಜರ್ಮನಿಯ ಬಾನ್‌ನಲ್ಲಿ ಇದೇ ಎರಡು ಸಮಿತಿಗಳು ಕೂರ್ತವಲ್ಲ, ಅಲ್ಲಿ ಎಲ್ಲಿಗೆ ಬಂದು ನಿಂತಿದೆ ಅಂತ ನೋಡಿ. ಅರ್ಥ್ ನೆಗೋಶಿಯೇಶನ್ಸ್ ಬುಲೆಟಿನ್ ಅಂತ ಬರತ್ತೆ, ಪ್ರತಿ ದಿನ ಯಾವ ರೂಮಲ್ಲಿ ಯಾರು ಏನಂದ್ರು ಅಂತ ಚುಟುಕಾಗಿ ಬರೀತಾರೆ, ಹಿಂದಿನ ಸಂಚಿಕೆಗಳೂ ಫ್ರೀಯಾಗಿ ಸಿಗ್ತವೆ, ಅಡಾಪ್ಟೇಶನ್ ಬಗ್ಗೆ ಇರೋದನ್ನಷ್ಟೇ ಆರಿಸಿ ಓದಿದ್ರೂ ಸಾಕು. ಅಲ್ಲಿ ಹೋದ್ಮೇಲೆ ದಿನಾ ಬೆಳಗ್ಗೆ ಡೈಲಿ ಪ್ರೋಗ್ರಾಂ ನೋಡಿ ರೂಮ್ ನಂಬರ್ ಬರ್ಕೊಳ್ಳಿ, ಮಧ್ಯಾಹ್ನ ಇನ್ನೊಂದ್ಸಲ ಚೆಕ್ ಮಾಡಿ, ರೂಮು ಟೈಮು ಎರಡೂ ಬದಲಾಗ್ತಾನೇ ಇರತ್ತೆ.