ಪದಚರ್ಚೆ: ‘ಟ್ರಾನ್ಸಿಷನ್ ರಿಸ್ಕ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಬಳಗದವರಿಗೆ ನಮಸ್ಕಾರ. ಕಂಪನಿಗಳ ಸಾಲದ ಕುರಿತ ವರದಿಯೊಂದರ ಅನುವಾದವನ್ನು ನಾಳೆ ಸಂಜೆಯೊಳಗೆ ಒಪ್ಪಿಸಬೇಕು. ಜಗತ್ತು ಕಲ್ಲಿದ್ದಲು, ತೈಲಗಳನ್ನು ಬಿಟ್ಟು ಹೊರಳುವಾಗ ಹಳೆಯ ಉದ್ದಿಮೆಗಳಿಗೆ ಒದಗುವ ‘ಟ್ರಾನ್ಸಿಷನ್ ರಿಸ್ಕ್’ಗೆ ‘ಸಂಕ್ರಮಣದ ಅಪಾಯ’ ಎಂದು ಬರೆದೆ. ಪಂಚಾಂಗದ ಮಾತಿನಂತೆ ಕೇಳಿಸುತ್ತದೆ. ಕೊಟ್ಟ ಸಾಲ ವಾಪಸು ಬಾರದೆ ಹೋಗಬಹುದಾದ ‘ಕ್ರೆಡಿಟ್ ರಿಸ್ಕ್’ಗೂ ಪದ ಬೇಕು.

ಮರು: ‘ಸ್ಥಿತ್ಯಂತರ’ ಇದೆಯಲ್ಲ. ಇದಕ್ಕೂ ಒಂದು ಚರ್ಚೆಯೇ?

ಮರು: ಸ್ಥಿತ್ಯಂತರದಲ್ಲಿ ಎರಡು ತುದಿಗಳಷ್ಟೇ ಕಾಣುತ್ತವೆ, ಇಲ್ಲಿ ಅಪಾಯವಿರುವುದು ನಡುದಾರಿಯಲ್ಲಿ. ಇಂಗಾಲದ ಮೇಲೆ ತೆರಿಗೆ ಬಿದ್ದರೆ ಲಾಭ ಕುಗ್ಗುತ್ತದೆ, ಇನ್ನೂ 20 ವರ್ಷ ಓಡಬೇಕಿದ್ದ ಸ್ಥಾವರದ ಬೆಲೆ ಕುಸಿಯುತ್ತದೆ, ಸಾಲ ಮಾತ್ರ ಇದ್ದಷ್ಟೇ ಇರುತ್ತದೆ. ಅರ್ಥಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1974ರಲ್ಲಿ ಹಾಕಿಕೊಟ್ಟ ಲೆಕ್ಕವೂ ಇದೇ: ತೀರಿಸುವ ದಿನ ಸ್ವತ್ತಿನ ಬೆಲೆ ಸಾಲಕ್ಕಿಂತ ಕಡಿಮೆಯಿದ್ದರೆ ಕಂಪನಿ ಸುಸ್ತಿದಾರ. ಅಮೆರಿಕದ ಪೀಬಾಡಿ ಕಲ್ಲಿದ್ದಲು ಕಂಪನಿ 2016ರಲ್ಲಿ ದಿವಾಳಿ ಅರ್ಜಿ ಹಾಕಿತು. ಅಗ್ಗದ ಅನಿಲದ ಪೈಪೋಟಿಯ ಜೊತೆಗೆ ಮೈಮೇಲೆ ಹೇರಿಕೊಂಡಿದ್ದ ಸಾಲವೂ ಅದನ್ನು ಮುಳುಗಿಸಿತು. ‘ಹೊರಳುಹಾದಿಯ ಅಪಾಯ’ ಎನ್ನಿ. ಕ್ರೆಡಿಟ್‌ಗೆ ಅಚ್ಚಗನ್ನಡದ ‘ಪತ್ತು’ ಇದೆ. ಹಳಗನ್ನಡದಲ್ಲಿ ಪತ್ತು ಎಂದರೆ ಅಂಟಿಕೊಳ್ಳು. ಸಾಲ ಅಂಟುವುದೇ ತಾನೇ?

ಮರು: ಆ ಪತ್ತು ಎಂದೋ ‘ಹತ್ತು’ ಆಯಿತು. ಪಕಾರ ಉಳಿಸಿಕೊಂಡು ಕುಳಿತಿರುವ ಈ ಪತ್ತು ಮರಾಠಿಯ ‘ಪತ’. ಸುಸ್ತಿ ಪಾರಸಿಯದು, ದಿವಾಳಿ ಉತ್ತರದಿಂದ ಬಂದದ್ದು. ಎರಡನ್ನೂ ಬಳಸಿ ಅಚ್ಚಗನ್ನಡದ ಪಾಠ ಹೇಳುತ್ತೀರಿ, ಭಲೆ.

ಮರು: ವ್ಯುತ್ಪತ್ತಿ ಬಿಡಿ. ಪತ್ತು ಎಂದರೆ ಸಾಲಗಾರನ ಮೇಲಿನ ನಂಬಿಕೆ. ಇಲ್ಲಿನ ಭಯ ಮರುಪಾವತಿಯದು. ‘ಸಾಲ ಮರಳದ ಅಪಾಯ’ ಸಾಕು. ಮತ್ತೆ, ವರದಿಯಲ್ಲಿ ‘ಇನ್ನೊವೇಶನ್’ ಕಂಡಲ್ಲೆಲ್ಲ ‘ಆವಿಷ್ಕಾರ’ ಎಂದು ತುಂಬಬೇಡಿ. ಹೊಸದನ್ನು ಕಂಡುಹಿಡಿಯುವುದು ಬೇರೆ, ಅದನ್ನು ಕಾರ್ಖಾನೆಯಲ್ಲಿ ಓಡಿಸುವುದು ಬೇರೆ. ಸಂಶೋಧನೆಗೆ ಸುರಿದ ಹಣ ಮೊದಲು ಕೈಯಲ್ಲಿರುವ ನಗದನ್ನೇ ತಿನ್ನುತ್ತದೆ, ಆಗ ಸಾಲದ ಅಪಾಯ ಏರಲೂಬಹುದು. ಹೊಸ ತಂತ್ರ ಬಳಕೆಗೆ ಬಂದು ಇಂಗಾಲದ ಖರ್ಚು ಇಳಿದ ಮೇಲಷ್ಟೇ ಅದು ತಗ್ಗುವುದು. ಪೇಟೆಂಟ್ ಪತ್ರ ತೋರಿಸಿದರೆ ಕಂತು ಕಟ್ಟಿದಂತಾಗುವುದಿಲ್ಲ. ‘ನಾವೀನ್ಯ’ ಎಂದಿಟ್ಟುಕೊಳ್ಳಿ.

ಮರು: ನಾವೀನ್ಯ! ಸಂಸ್ಕೃತದಿಂದ ತಂದ ಸಾಲ ಯಾವಾಗ ತೀರುವುದೋ.

ಮರು: ತೀರಿಸಿ ನೋಡಿ. ನಿಮ್ಮ ಕಾಗದದಲ್ಲೇ ‘ಸಂಸ್ಕೃತ’ ಎಂದು ಬರೆಯಲಾರಿರಿ.

ಮರು: ಎಲ್ಲರಿಗೂ ಕೃತಜ್ಞತೆ. ‘ಪರಿವರ್ತನೆಯ ಅಪಾಯ’, ‘ಸಾಲ ಮರಳದ ಅಪಾಯ’ ಎಂದು ಹಾಕಿದ್ದೇನೆ. ಆಯುಸ್ಸು ಮುಗಿಯುವ ಮೊದಲೇ ಬೆಲೆ ಕಳೆದುಕೊಂಡ ಗಣಿ, ಸ್ಥಾವರಗಳಿಗೆ ‘ಸ್ಟ್ರಾಂಡೆಡ್ ಅಸೆಟ್’ ಎಂದಿದೆ. ಅದಕ್ಕೊಂದು ಪದ ಹೇಳುವಿರಾ? ಯಾವ ಭಾಷೆಯದಾದರೂ ಸರಿ.