ಪದಚರ್ಚೆ: ‘ಮಕ್ಕಳ ತಂಡದ ಜಾಕೆಟ್’ ಅಂದರೆ ಯಾರ ತಂಡ?

ಸು.:
ಅಮೆರಿಕದ ಕನ್ನಡ ಕೂಟವೊಂದರ ಪ್ರದರ್ಶನಕ್ಕೆ ಫಲಕ ಬರೆಯಬೇಕು, ನಾಳೆ ಬೆಳಿಗ್ಗೆ ಅಚ್ಚಿಗೆ. ವಸ್ತು: 1980–90ರ ದಶಕದ ಸ್ಟಾರ್ಟರ್, ಚಾಕ್ ಲೈನ್ ಕಂಪನಿಗಳ ಸ್ಯಾಟಿನ್ ಜಾಕೆಟ್‌ಗಳು. ಬೇಸ್‌ಬಾಲ್, ಐಸ್ ಹಾಕಿ ತಂಡಗಳವು, ಎಲ್ಲವೂ ಹುಡುಗರ ಅಳತೆ. ‘ಮಕ್ಕಳ ಕ್ರೀಡಾ ತಂಡದ ಹಳೆಯ ಜಾಕೆಟ್‌ಗಳು’ ಸರಿಯೇ? ಸ್ನ್ಯಾಪ್ ಬಟನ್, ಡ್ರಾಸ್ಟ್ರಿಂಗ್, ಟ್ಯಾಕಲ್ ಟ್ವಿಲ್ (ಬಟ್ಟೆ ಕತ್ತರಿಸಿ ಹೊಲಿದ ಅಕ್ಷರ), ಶೆನೀಲ್ (ಜುಂಗುಜುಂಗಾದ ನೂಲಿನ ಅಕ್ಷರ) ಇವಕ್ಕೂ ಪದ ಬೇಕು.

ರಾ.:
ಜಾಕೆಟ್ ಬೇಡ, ಮೇಲಂಗಿ. ಬಟನ್ ಬೇಡ, ಗುಂಡಿ. ಮನೆಯಲ್ಲಿರುವುದನ್ನು ಬಿಟ್ಟು ಸಾಲ ಯಾಕೆ?

ವಿ.:
ಮೇಲಂಗಿ ಅಂದರೆ ಡಾಕ್ಟರ ಬಿಳಿ ಕೋಟು. ಆ ಅಂಗಿಯ ಬುಡದಲ್ಲೂ ಸಂಸ್ಕೃತದ ಅಂಗವೇ ಕೂತಿದೆ, ಬಿಡಿ.

ಸು. ಅವರೇ, ತಪ್ಪಿರುವುದು ಷಷ್ಠಿಯಲ್ಲಿ. ನಿಮ್ಮ ಸಾಲಿನಲ್ಲಿ ‘ಮಕ್ಕಳ’ ಹೋಗಿ ತಂಡಕ್ಕೆ ಅಂಟುತ್ತದೆ. ಮಕ್ಕಳೇ ಆಡುವ ತಂಡ ಅಂದರೆ ಲಿಟ್ಲ್ ಲೀಗ್ ಬೇಸ್‌ಬಾಲಿನದು, 1939ರಲ್ಲಿ ಅಮೆರಿಕದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಶುರುವಾದದ್ದು. ಆ ಬಗೆಯ ಜಾಕೆಟ್‌ಗಳಲ್ಲಿ ಎದೆಯ ಮೇಲೆ ಹುಡುಗನ ಹೆಸರು, ಬೆನ್ನಿಗೆ ದುಡ್ಡು ಕೊಟ್ಟ ಅಂಗಡಿಯ ಹೆಸರು ಇರುವುದುಂಟು. ನಿಮ್ಮವು ದೊಡ್ಡವರ ವೃತ್ತಿಪರ ತಂಡಗಳವು, ಮಕ್ಕಳ ಅಳತೆಯಲ್ಲಿ ಹೊಲಿದವು. ಕತ್ತಿನ ಪಟ್ಟಿಯಲ್ಲಿ ಲೀಗಿನ ಪರವಾನಗಿ ಗುರುತು ನೋಡಿ. ಸಂಗ್ರಹಿಸುವವರು ಇವೆರಡನ್ನು ಬೆರೆಸುವುದಿಲ್ಲ. ಹೀಗೆ ಬರೆಯಿರಿ: ‘ವೃತ್ತಿಪರ ತಂಡಗಳ ಜಾಕೆಟ್, ಮಕ್ಕಳ ಅಳತೆ’. ಅಳತೆಯ ಪಟ್ಟಿಯಲ್ಲಿನ ‘ಯೂತ್’ ಅನ್ನು ‘ಯುವ’ ಮಾಡಿದರೆ ಕೆಟ್ಟಿತು. ಯೂತ್ ಎಕ್ಸ್‌ಎಲ್‌ನ 18–20 ವಯಸ್ಸಲ್ಲ, ದೊಡ್ಡವರ ಸ್ಮಾಲ್‌ಗೆ ಹತ್ತಿರದ ಅಳತೆ. ಕಂಕುಳಿಂದ ಕಂಕುಳಿಗೆ ಎಷ್ಟು ಅಂಗುಲ ಅಂತ ಹಾಕಿದರೆ ತಕರಾರೇ ಇಲ್ಲ.

ಗುಂಡಿಗೆ ಕಾಜ ಬೇಕು, ಒತ್ತಿ ಕೂರಿಸುವ ಸ್ನ್ಯಾಪ್ ಬಟನ್ನಿಗೆ ಬೇಡ. ದರ್ಜಿಗಳ ಮಾತು ಟಿಚ್ ಬಟನ್. ಪ್ರದರ್ಶನ ಜೋಡಿಸುವವರಿಗೂ ಹೇಳಿ, ಒಂದೇ ಕೈಯಲ್ಲಿ ಎಳೆದು ಬಿಚ್ಚಿದರೆ ಟಿಚ್ಚಿನ ಸುತ್ತ ಸ್ಯಾಟಿನ್ ಹರಿಯುತ್ತದೆ. ಬುಡದ ಬಟ್ಟೆಯನ್ನು ಬೆರಳಲ್ಲಿ ಒತ್ತಿ ಹಿಡಿದು ಬಿಚ್ಚಬೇಕು.

ಡ್ರಾಸ್ಟ್ರಿಂಗ್ ಅಂದರೆ ನಮ್ಮ ಲಾಡಿಯೇ. ಟೋಪಿಯ ಲಾಡಿ ಮಕ್ಕಳ ಕತ್ತಿಗೆ ಸಿಕ್ಕಿಕೊಳ್ಳುತ್ತದೆಂದು ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 1996ರಲ್ಲಿ ಸೂಚನೆ ಹೊರಡಿಸಿತು. 12ರವರೆಗಿನ ಅಳತೆಗಳಿಗೆ ಅನ್ವಯ. ಚಿಕ್ಕ ಅಳತೆಯ ಜಾಕೆಟ್ಟಿನಲ್ಲಿ ಲಾಡಿ ಇದ್ದರೆ ಅದಕ್ಕಿಂತ ಹಿಂದಿನದಿರುವ ಸಂಭವ ಹೆಚ್ಚು. ತಂಡದ ಹೆಸರು ನಂಬಿ ಇಸವಿ ಹಾಕಬೇಡಿ. ವೇಲರ್ಸ್ ಐಸ್ ಹಾಕಿ ತಂಡ 1997ರಲ್ಲಿ ಹಾರ್ಟ್‌ಫರ್ಡ್ ಬಿಟ್ಟರೂ ಆ ಗುರುತಿನ ಬಟ್ಟೆ ಈಗಲೂ ಹೊಸದಾಗಿ ಬರುತ್ತದೆ. ಒಗೆಯುವ ಸೂಚನೆ ಬರೀ ಚಿಹ್ನೆಗಳಲ್ಲಿದ್ದರೆ ಅದು 1997ರ ಈಚಿನದು ಅನ್ನಬಹುದು. ಅಮೆರಿಕದಲ್ಲಿ ಅಕ್ಷರದ ಬದಲು ಚಿಹ್ನೆ ಸಾಕು ಅಂದದ್ದೇ ಆ ವರ್ಷ.

ರಾ.:
ಶೆನೀಲ್ ಫ್ರೆಂಚಿನಲ್ಲಿ ಕಂಬಳಿಹುಳು. ಕಂಬಳಿಹುಳುನೂಲು ಅನ್ನಿ. ಟ್ಯಾಕಲ್ ಟ್ವಿಲ್‌ಗೆ ತೇಪೆ. ಮುಗಿಯಿತು.

ಮಂ.:
ಮುಗಿಯಲಿಲ್ಲ. ಫಲಕದಲ್ಲಿ ತೇಪೆ ಅಂದರೆ ಹರಿದು ಹೊಲಿದ ಜಾಕೆಟ್ ಅಂದುಕೊಳ್ಳುತ್ತಾರೆ. ಇದು ಅಕ್ಷರವನ್ನು ಟ್ವಿಲ್ ಬಟ್ಟೆಯಲ್ಲಿ ಕತ್ತರಿಸಿ, ಅಂಚಿಗೆ ಒತ್ತಾಗಿ ಜಿಗ್‌ಜ್ಯಾಗ್ ಹೊಲಿಗೆ ಹಾಕಿದ್ದು. ‘ಹೊಲಿದ ಟ್ವಿಲ್ ಅಕ್ಷರ’ ಸಾಕು. ಬೆನ್ನಿನದು ಹೊಲಿಗೆಯೋ ಅಚ್ಚೋ ಅಂತ ಮೊದಲು ಮುಟ್ಟಿ ನೋಡಿ. ಪ್ಲಾಸ್ಟಿಸಾಲ್ (ಪ್ಲಾಸ್ಟಿಕ್ ಬಣ್ಣದ) ಅಚ್ಚಾಗಿದ್ದರೆ ಇಸ್ತ್ರಿ ತಾಗಿಸಬಾರದು, ಕರಗಿ ಅಂಟುತ್ತದೆ. ಅಚ್ಚಿಗೆ ಅಚ್ಚು ತಾಗುವಂತೆ ಮಡಚಿಡಲೂಬಾರದು.

ಹುಳುನೂಲು ಅಂದರೆ ರೇಷ್ಮೆ ಅಂದುಕೊಳ್ಳುತ್ತಾರೆ. ಶೆನೀಲ್ ಶೆನೀಲಾಗಿಯೇ ಇರಲಿ.

ರಾ.:
ಹೀಗೆ ಒಂದೊಂದೇ ಬಿಟ್ಟುಕೊಟ್ಟೇ ಕನ್ನಡಕ್ಕೆ ಈ ಗತಿ.

ವಿ.:
ಕಾಜ ಪೋರ್ಚುಗೀಸರದ್ದು, ಅಸ್ತರು ಫಾರಸಿ. ಎರಡನ್ನೂ ಕಿತ್ತುಹಾಕಿ ಒಂದು ಕೋಟು ಹೊಲಿದು ತೋರಿಸಿ.

ಮಂ.:
ಸು., ಹಳೇ ಮೈಸೂರು ಕಡೆಯ ಅಜ್ಜಿಯರಿಗೆ ಜಾಕೆಟ್ ಅಂದರೆ ರವಿಕೆ. ಫಲಕದಲ್ಲಿ ಚಿತ್ರ ಇರದಿದ್ದರೆ ‘ಚಳಿ ಜಾಕೆಟ್’ ಅಂತ ಹಾಕಿ.